ಗೀಸರ್, ಮೀಟರ್ ಮತ್ತು ಆ್ಯಪ್ ಇರುವ ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕರೆಂಟ್ ಬಿಲ್ಲಿನ ಕುರಿತಾದವು. ಉಳಿದವು ಮೊಬೈಲ್ ಆ್ಯಪ್‌ನೊಂದಿಗೆ ಬರುವ ಹೊಸ ಕಾರುಗಳ ಕುರಿತಾದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ನಾಲ್ಕು ಜನರ ಕುಟುಂಬ. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾಗಿರುವುದು 104 ಯೂನಿಟ್. ಚಳಿಗಾಲದಲ್ಲಿ ಬಳಕೆ 190ರ ಆಸುಪಾಸಿಗೆ ಏರಿ, ಒಂದು ತಿಂಗಳು 200 ದಾಟಿ ಪೂರ್ತಿ ಬಿಲ್ ಕಟ್ಟಬೇಕಾಯಿತು. ಲೈಟ್ ಆರಿಸುತ್ತೇವೆ, ಮೊಬೈಲ್ ಚಾರ್ಜರ್ ಕಿತ್ತಿಡುತ್ತೇವೆ. ಆದರೂ ಬಳಕೆ ಇಳಿಯುತ್ತಿಲ್ಲ. ಈಗಿನ ಗೀಸರ್ ತೆಗೆದು ಇನ್‌ಸ್ಟಂಟ್ ಗೀಸರ್ ಹಾಕಿಸಿದರೆ ಅನುಕೂಲವಾದೀತೇ?
— ಗೃಹಿಣಿ, ತುಮಕೂರು

ಉತ್ತರ: ಮೊದಲು ಯೋಜನೆಯ ಲೆಕ್ಕವನ್ನು ನೋಡೋಣ. 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿಗೆ ಶೇ 10ರಷ್ಟು ಸೇರಿಸಿ ನಿಮ್ಮ ಮಿತಿಯನ್ನು ನಿಗದಿಪಡಿಸಿದ್ದಾರೆ. ಆ ಮಿತಿಯನ್ನು ಮೀರಿಯೂ ಬಳಕೆ 200ರೊಳಗೆ ಉಳಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕೊಡಬೇಕಾಗುತ್ತದೆ. 200 ದಾಟಿದ ತಿಂಗಳಲ್ಲಿ ಮೊದಲನೆಯ ಯೂನಿಟ್‌ನಿಂದಲೇ ಹಣ ಕೊಡಬೇಕಾಗುತ್ತದೆ. ಯೂನಿಟ್‌ಗೆ ಸುಮಾರು ಆರು ರೂಪಾಯಿ ಎಂದು ಹಿಡಿದರೆ, ನಿಗದಿತ ಶುಲ್ಕವನ್ನು ಬಿಟ್ಟು ಲೆಕ್ಕ ಹಾಕಿದರೂ ನಿಮ್ಮ ಮನೆಯಲ್ಲಿ 201ನೆಯ ಯೂನಿಟ್ ಒಂದಕ್ಕೇ 600 ರೂಪಾಯಿಗಿಂತ ಹೆಚ್ಚು ತೆತ್ತಂತಾಯಿತು. ಆದ್ದರಿಂದ ನಿಮ್ಮಂಥ ಮನೆಗೆ ತಿಂಗಳಿಗೆ ಹದಿನೈದು–ಇಪ್ಪತ್ತು ಯೂನಿಟ್ ಇಳಿಸುವುದು ನಿಜಕ್ಕೂ ಲಾಭದ ಕೆಲಸ. ಆದರೆ ಇಳಿಸಬೇಕಾದ ಜಾಗ ಚಾರ್ಜರ್‌ನದ್ದಲ್ಲ. ಒಂದು ಮೊಬೈಲನ್ನು ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಒಂದು ಯೂನಿಟ್ ಆಗುವುದಿಲ್ಲ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್, ಚಟ್ನಿ ಮಾಡುವ ಮಿಕ್ಸಿ ಸದ್ದು ಮಾಡಿದಷ್ಟು ಕರೆಂಟ್ ತಿನ್ನುವುದಿಲ್ಲ; ನಿಮಿಷಗಳ ಲೆಕ್ಕದಲ್ಲಿ ಓಡುವ ಯಂತ್ರಗಳ ಬಗ್ಗೆ ಚಿಂತಿಸಬೇಕಾಗಿಲ್ಲ.

ಚಳಿಗಾಲದಲ್ಲಿ ಏರುವ ಬಿಲ್ಲಿನ ಮುಖ್ಯ ಕಾರಣ ಬಿಸಿನೀರು. ಹದಿನೆಂಟು ಲೀಟರ್‌ನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 0.4 ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ನಾಲ್ಕು ಜನ ದಿನಕ್ಕೊಮ್ಮೆ ಸ್ನಾನ ಮಾಡಿದರೆ ತಿಂಗಳಿಗೆ 50 ಯೂನಿಟ್. ಮಕ್ಕಳು ಶವರ್ ಕೆಳಗೆ ಹತ್ತು ನಿಮಿಷ ನಿಲ್ಲುವ ಮನೆಯಾದರೆ ಇದು ಸುಲಭವಾಗಿ ಇಮ್ಮಡಿಯಾಗುತ್ತದೆ. ಈ ಲೆಕ್ಕ ನೀರಿನದೇ ಹೊರತು ಯಂತ್ರದ್ದಲ್ಲ. ಕಾಯಿಲ್ ಅದ್ದಿ ಕಾಯಿಸಿದರೂ, 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್‌ನಲ್ಲಿ ಕಾಯಿಸಿದರೂ, 2 ಕಿಲೋವಾಟ್‌ನ ಟ್ಯಾಂಕ್ ಗೀಸರ್‌ನಲ್ಲಿ ಕಾಯಿಸಿದರೂ ಅಷ್ಟು ನೀರನ್ನು ಅಷ್ಟು ಬಿಸಿ ಮಾಡಲು ಬೇಕಾಗುವ ವಿದ್ಯುತ್ ಬಹುತೇಕ ಒಂದೇ. ಟ್ಯಾಂಕ್ ಗೀಸರ್‌ನಲ್ಲಿ ವ್ಯರ್ಥವಾಗುವುದು ಕಾದ ನೀರು ಬಳಕೆಯಾಗದೆ ಆರುತ್ತ, ಮತ್ತೆ ಮತ್ತೆ ಕಾಯುತ್ತ ಇರುವಾಗ. ಇನ್‌ಸ್ಟಂಟ್ ಗೀಸರ್‌ನಿಂದ ಉಳಿಯುವುದು ಆ ಭಾಗವಷ್ಟೇ, ಮತ್ತು ಗೀಸರ್ ಸ್ವಿಚ್ಚನ್ನು ನಾಲ್ವರ ಸ್ನಾನಕ್ಕೂ ಸೇರಿ ಒಂದೇ ಬಾರಿ ಹಾಕಿ ಆರಿಸಿದರೆ ಅದೇ ಉಳಿತಾಯ ಪುಕ್ಕಟೆಯಾಗಿ ಸಿಗುತ್ತದೆ. ಸ್ವಂತ ಮನೆ, ನೆರಳು ಬೀಳದ ತಾರಸಿ ಇದ್ದರೆ ನನ್ನ ಸಲಹೆ ಸೋಲಾರ್ ವಾಟರ್ ಹೀಟರ್. ತುಮಕೂರಿನ ಬಿಸಿಲಿಗೆ ಅದು ವರ್ಷದ ಬಹುಪಾಲು ದಿನ ಕೆಲಸ ಮಾಡುತ್ತದೆ. ಮಲೆನಾಡಿನ ಓದುಗರಿಗೆ ಇದೇ ಮಾತನ್ನು ಹೇಳಲಾರೆ: ಅಲ್ಲಿನ ಮಳೆಗಾಲದಲ್ಲಿ ಅಡಿಕೆ ಸಿಪ್ಪೆ ಉರಿಸುವ ಬಚ್ಚಲೊಲೆಯ ಹಂಡೆಯನ್ನು ಸೋಲಿಸುವ ಯಂತ್ರವನ್ನು ನಾನಿನ್ನೂ ಕಂಡಿಲ್ಲ.

ಎರಡನೆಯದು ನೀರಿನ ಮೋಟಾರ್. ಒಂದು ಎಚ್‌ಪಿ ಪಂಪ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ ಸುಮಾರು 30 ಯೂನಿಟ್. ಟ್ಯಾಂಕ್ ತುಂಬಿ ಹೊರಚೆಲ್ಲುವವರೆಗೆ ಮರೆತು ಬಿಡುವ ಅಭ್ಯಾಸವಿದ್ದರೆ ಇನ್ನೂ ಹೆಚ್ಚು. ಮೂರನೆಯದು ಬೇಸಿಗೆಯಲ್ಲಿ ಲೆಕ್ಕಕ್ಕೆ ಬರುವ ಫ್ಯಾನ್. 75 ವಾಟ್‌ನ ಹಳೆಯ ಸೀಲಿಂಗ್ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನದು) ಆದರೆ ಸುಮಾರು 11. ಇವತ್ತು ಮನೆಗೆ ಕೊಳ್ಳಬಹುದಾದ ವಸ್ತುಗಳಲ್ಲಿ ಹಾಕಿದ ಹಣ ಬೇಗ ಹಿಂದಿರುಗುವುದು ಇದರಲ್ಲೇ ಎಂಬುದು ನನ್ನ ಅಭಿಪ್ರಾಯ. ಆದರೂ ಅಂಗಡಿಗಳಲ್ಲಿ ಇದಕ್ಕಿಂತ ಹೆಚ್ಚು ಹುರುಪಿನಿಂದ ಮಾರುತ್ತಿರುವುದು ಬಣ್ಣ ಬದಲಿಸುವ ಸ್ಮಾರ್ಟ್ ಬಲ್ಬುಗಳನ್ನು. ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬನ್ನು ಮೊಬೈಲಿನಿಂದ ಆರಿಸಿ ಉಳಿಸುವುದು ಅತ್ಯಲ್ಪ, ಅದರ ಮೇಲೆ ಆ ಬಲ್ಬಿನೊಳಗಿನ ವೈಫೈ ಹಗಲೂ ರಾತ್ರಿ ಎಚ್ಚರವಾಗಿಯೇ ಇರಬೇಕು.

ಪ್ರಶ್ನೆ: ಟಿ.ವಿ.ಯನ್ನು ರಿಮೋಟ್‌ನಲ್ಲಿ ಆರಿಸಿದರೆ ಸಾಕೇ, ಗೋಡೆಯ ಸ್ವಿಚ್ಚನ್ನೂ ಆರಿಸಬೇಕೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೊಸ ಟಿ.ವಿ.ಗಳು ರಿಮೋಟ್‌ನಲ್ಲಿ ಆರಿಸಿದ ಮೇಲೆ ಸಾಮಾನ್ಯವಾಗಿ ಒಂದು ವಾಟ್‌ಗಿಂತ ಕಡಿಮೆ ಎಳೆಯುತ್ತವೆ. ಅದರ ಪಕ್ಕದ ಸೆಟ್‌ಟಾಪ್ ಬಾಕ್ಸ್‌ನ ಕಥೆ ಬೇರೆ: ಆರಿಸಿದಂತೆ ಕಂಡರೂ ಹಲವು ಬಾಕ್ಸ್‌ಗಳು ಒಳಗೆ ಎಚ್ಚರವಾಗಿದ್ದು, ಮುಟ್ಟಿದರೆ ಬೆಚ್ಚಗಿರುತ್ತವೆ. ಹತ್ತು ವಾಟ್ ಎಂದು ಹಿಡಿದರೂ ಇಡೀ ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ ಆರಿಸುವುದಾದರೆ ಬಾಕ್ಸ್‌ನದ್ದನ್ನು ಆರಿಸಿ.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಮೊದಲ ಬಾರಿಗೆ ಹೊಸ ಕಾರು ಕೊಳ್ಳುತ್ತಿದ್ದೇನೆ. ಮೇಲಿನ ವೇರಿಯಂಟ್‌ನಲ್ಲಿ ‘ಕನೆಕ್ಟೆಡ್ ಕಾರ್’ ಸೌಲಭ್ಯವಿದೆ, ಮೊಬೈಲಿನಿಂದಲೇ ಎ.ಸಿ. ಹಾಕಬಹುದು, ಕಾರು ಎಲ್ಲಿದೆಯೆಂದು ನೋಡಬಹುದು, ಅಪಘಾತವಾದರೆ ತಾನೇ ಕರೆ ಮಾಡುತ್ತದೆ ಎಂದು ಷೋರೂಮಿನವರು ಒತ್ತಾಯಿಸುತ್ತಿದ್ದಾರೆ. ಇದಕ್ಕಾಗಿ ಹೆಚ್ಚು ಹಣ ಕೊಡಬಹುದೇ? ಕಾರು ನಮ್ಮ ಮಾತು ಕದ್ದು ಕೇಳುತ್ತದೆ ಎಂದು ಮಗ ಹೆದರಿಸುತ್ತಾನೆ.
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕಾರಿನೊಳಗೇ ಒಂದು ಸಿಮ್ ಕೂರಿಸಿ, ಅದರ ಮೂಲಕ ಕಾರನ್ನು ಕಂಪನಿಯ ಸರ್ವರ್‌ಗೆ ಸದಾ ಜೋಡಿಸಿಡುವ ಏರ್ಪಾಡಿಗೆ ಈ ಹೆಸರು. ನಮ್ಮ ದೇಶದ ಮಧ್ಯಮ ದರ್ಜೆಯ ಕಾರುಗಳಲ್ಲಿ ಇದು ಜೋರಾಗಿ ಪ್ರಚಾರಕ್ಕೆ ಬಂದದ್ದು 2019ರಲ್ಲಿ, ಎಂಜಿ ಹೆಕ್ಟರ್ ಮತ್ತು ಹ್ಯುಂಡೈ ವೆನ್ಯೂ ಮಾರುಕಟ್ಟೆಗೆ ಬಂದಾಗ. ನಿಮ್ಮ ಮೊಬೈಲಿನ ಆ್ಯಪ್ ನೇರವಾಗಿ ಕಾರಿನೊಡನೆ ಮಾತನಾಡುವುದಿಲ್ಲ. ಆಜ್ಞೆ ಮೊದಲು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಕಾರಿಗೆ ಬರುತ್ತದೆ. ಇಷ್ಟು ಗೊತ್ತಾದರೆ ಈ ಸೌಲಭ್ಯದ ಶಕ್ತಿ ಮತ್ತು ದೌರ್ಬಲ್ಯ ಎರಡೂ ಅರ್ಥವಾಗುತ್ತವೆ.

ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ. ಕಾರು ಕಳುವಾದರೆ ಅದು ಇರುವ ಜಾಗ ತಿಳಿಯುವುದು, ಬಾಗಿಲು ಲಾಕ್ ಆಗಿದೆಯೇ ಎಂದು ಮನೆಯಿಂದಲೇ ನೋಡುವುದು, ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಸಹಾಯವಾಣಿಗೆ ಕರೆ ಹೋಗುವುದು ಒಳ್ಳೆಯ ಸಂಗತಿಗಳೇ. ಆದರೆ ಇವೆಲ್ಲ ನಿಂತಿರುವುದು ಮೊಬೈಲ್ ನೆಟ್‌ವರ್ಕ್ ಮೇಲೆ. ಶಿವಮೊಗ್ಗದಿಂದ ಕರಾವಳಿಗೆ ಇಳಿಯುವವರಿಗೆ ಘಟ್ಟದ ಎಷ್ಟು ತಿರುವುಗಳಲ್ಲಿ ಸಿಗ್ನಲ್ ಸಿಗುವುದಿಲ್ಲವೆಂಬುದನ್ನು ನಾನು ಹೇಳಬೇಕಾಗಿಲ್ಲ. ಸಹಾಯ ನಿಜವಾಗಿ ಬೇಕಾಗುವ ಜಾಗದಲ್ಲೇ ಈ ಸೌಲಭ್ಯ ಮೂಕವಾಗಿರಬಹುದು. ಇನ್ನೊಂದು ಮಾತು, ಈ ಸೇವೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ಮಾತ್ರ ಉಚಿತವಾಗಿದ್ದು ಆಮೇಲೆ ಚಂದಾ ಕಟ್ಟಬೇಕಾಗುತ್ತದೆ. ಕಾರನ್ನು ನೀವು ಹನ್ನೆರಡು–ಹದಿನೈದು ವರ್ಷ ಇಟ್ಟುಕೊಳ್ಳುತ್ತೀರಿ. ಮೊಬೈಲ್ ತಂತ್ರಜ್ಞಾನ ಅಷ್ಟು ದಿನ ಕಾಯುವುದಿಲ್ಲ. 2022ರಲ್ಲಿ ಅಮೆರಿಕದ ಮೊಬೈಲ್ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದಾಗ, ಚೆನ್ನಾಗಿಯೇ ಓಡುತ್ತಿದ್ದ ಅನೇಕ ಕಾರುಗಳು ತುರ್ತು ಕರೆಯೂ ಸೇರಿದಂತೆ ತಮ್ಮ ಸಂಪರ್ಕ ಸೌಲಭ್ಯಗಳನ್ನೆಲ್ಲ ಕಳೆದುಕೊಂಡವು. ಇಂಜಿನ್ನಿಗೆ ವಯಸ್ಸಾಗುವ ಮೊದಲೇ ಸಿಮ್‌ಗೆ ವಯಸ್ಸಾಗುತ್ತದೆ ಎಂಬುದನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಮಗನ ಭಯದ ವಿಷಯ. ಕಾರು ಮಾತು ಕೇಳುತ್ತದೆಯೇ ಎಂಬುದಕ್ಕಿಂತ ಅದು ನಿಮ್ಮ ಚಾಲನೆಯನ್ನು ಬರೆದಿಟ್ಟುಕೊಳ್ಳುತ್ತದೆ ಎಂಬುದೇ ಗಂಭೀರವಾದದ್ದು: ಎಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ, ಎಷ್ಟು ವೇಗದಲ್ಲಿ, ಎಷ್ಟು ಬಾರಿ ಜೋರಾಗಿ ಬ್ರೇಕ್ ಒತ್ತಿದಿರಿ. ಮೊಜಿಲ್ಲಾ ಪ್ರತಿಷ್ಠಾನ 2023ರ ಸೆಪ್ಟೆಂಬರ್‌ನಲ್ಲಿ 25 ಕಾರು ಬ್ರ್ಯಾಂಡ್‌ಗಳ ಗೋಪ್ಯತಾ ನೀತಿಗಳನ್ನು ಓದಿ, ಒಂದನ್ನೂ ತೇರ್ಗಡೆ ಮಾಡಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ತನ್ನ ಗ್ರಾಹಕರ ಚಾಲನೆಯ ವಿವರಗಳನ್ನು ಸಂಗ್ರಹಿಸಿ ಮಾರುತ್ತಿದ್ದು, ಅವು ವಿಮಾ ಕಂಪನಿಗಳ ಕೈಗೆ ಹೋಗಿ ಕೆಲವರ ಪ್ರೀಮಿಯಂ ಏರಿದ ಸಂಗತಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ವಿರುದ್ಧ ಕ್ರಮಕ್ಕೆ ಮುಂದಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಅಲ್ಲಿಯವರೆಗೆ ನೀವೇ ಮಾಡಬಹುದಾದದ್ದು ಇಷ್ಟು: ಡೆಲಿವರಿಯ ದಿನ ಸೇಲ್ಸ್ ಹುಡುಗ ನಿಮ್ಮ ಮೊಬೈಲನ್ನು ತೆಗೆದುಕೊಂಡು ಎಲ್ಲದಕ್ಕೂ ‘ಒಪ್ಪಿಗೆ’ ಒತ್ತುವುದಕ್ಕೆ ಬಿಡಬೇಡಿ. ಮನೆಗೆ ತಂದು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಕಾದ ಅನುಮತಿಗಳನ್ನು ಮಾತ್ರ ಕೊಡಿ.

ಹಣದ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಮೇಲಿನ ವೇರಿಯಂಟ್‌ಗೆ ಕೊಡುವ ಹೆಚ್ಚುವರಿ ಹಣದಲ್ಲಿ ಆರು ಏರ್‌ಬ್ಯಾಗ್, ಜಾರುವ ಕಾರನ್ನು ಹಿಡಿತಕ್ಕೆ ತರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಹಿಂಬದಿಯ ಕ್ಯಾಮೆರಾ ಸಿಗುವುದಾದರೆ ಕೊಡಿ. ಇವು ಸಿಗ್ನಲ್ ಇಲ್ಲದ ಘಟ್ಟದಲ್ಲೂ ಕೆಲಸ ಮಾಡುತ್ತವೆ. ಇವೆಲ್ಲ ಕೆಳಗಿನ ವೇರಿಯಂಟ್‌ನಲ್ಲೇ ಇದ್ದು, ಮೇಲಿನದರಲ್ಲಿ ಆ್ಯಪ್ ಮತ್ತು ಸನ್‌ರೂಫ್ ಮಾತ್ರ ಹೆಚ್ಚಾಗಿದ್ದರೆ ಕೊಡಬೇಡಿ. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಕ್ರ್ಯಾಶ್ ಪರೀಕ್ಷೆ ನಡೆಯುತ್ತಿದೆ. ನೀವು ಆರಿಸಿದ ಕಾರು ಅದರಲ್ಲಿ ಎಷ್ಟು ಸ್ಟಾರ್ ಪಡೆದಿದೆ ಎಂದು ಮೊದಲು ಕೇಳಿ.

ಪ್ರಶ್ನೆ: ಎರಡು ವರ್ಷ ಹಳೆಯ ಕಾರನ್ನು ಕೊಂಡೆ. ಹಿಂದಿನ ಮಾಲೀಕರ ಮೊಬೈಲಿನಲ್ಲಿ ಆ ಕಾರಿನ ಆ್ಯಪ್ ಇನ್ನೂ ಇದೆಯೆಂದು ಅವರೇ ಹೇಳಿದರು. ಇದರಿಂದ ತೊಂದರೆಯೇ?
— ಓದುಗರು, ಮಂಗಳೂರು

ಉತ್ತರ: ತೊಂದರೆಯೇ. ಖಾತೆ ಅವರ ಹೆಸರಿನಲ್ಲಿ ಇರುವವರೆಗೆ ಕಾರು ಎಲ್ಲಿ ನಿಂತಿದೆ ಎಂಬುದನ್ನು ಅವರು ನೋಡಬಹುದು. ಕೆಲವು ಮಾದರಿಗಳಲ್ಲಿ ಬಾಗಿಲನ್ನೂ ತೆರೆಯಬಹುದು. ತಾವಾಗಿಯೇ ಹೇಳಿದ ಅವರು ಸಜ್ಜನರು. ಅವರ ಆ್ಯಪ್‌ನಿಂದ ವಾಹನವನ್ನು ತೆಗೆಸಿ, ನಂತರ ಕಾರಿನ ಸ್ಕ್ರೀನ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಆಮೇಲೆ ಆರ್‌ಸಿ ನಿಮ್ಮ ಹೆಸರಿಗೆ ಆದದ್ದನ್ನು ತೋರಿಸಿ ಕಂಪನಿಯಲ್ಲಿ ಹೊಸ ಖಾತೆ ತೆರೆಯಿರಿ. ಆ್ಯಪನ್ನು ಮೊಬೈಲಿನಿಂದ ಅಳಿಸಿದರೆ ಸಾಲದು, ಏಕೆಂದರೆ ಖಾತೆ ಇರುವುದು ಸರ್ವರ್‌ನಲ್ಲಿ. ಇದೇ ಎಚ್ಚರಿಕೆ ಕಾರು ಮಾರುವವರಿಗೂ ಅನ್ವಯಿಸುತ್ತದೆ: ಬ್ಲೂಟೂತ್‌ನಲ್ಲಿ ಜೋಡಿಸಿದ ನಿಮ್ಮ ಮೊಬೈಲಿನ ಸಂಪರ್ಕ ಪಟ್ಟಿ, ನ್ಯಾವಿಗೇಷನ್‌ನಲ್ಲಿ ಉಳಿದ ಮನೆಯ ವಿಳಾಸ ಇವೆಲ್ಲ ಕಾರಿನೊಂದಿಗೇ ಮಾರಾಟವಾಗುತ್ತವೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಂಡು ಮನೆಯ 15 ಆಂಪ್ ಸಾಕೆಟ್‌ನಲ್ಲೇ ಚಾರ್ಜ್ ಮಾಡಬಹುದೇ? ಗೃಹಜ್ಯೋತಿಯ ಮೇಲೆ ಏನು ಪರಿಣಾಮ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಸ್ಕೂಟರ್‌ಗೂ ಕಾರಿಗೂ ಇಲ್ಲಿ ದೊಡ್ಡ ಅಂತರವಿದೆ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಸ್ಕೂಟರ್‌ಗೆ ದಿನಕ್ಕೆ ಸುಮಾರು ಒಂದು ಯೂನಿಟ್ ಸಾಕು, ತಿಂಗಳಿಗೆ ಒಂದು ಫ್ಯಾನ್ ತಿರುಗಿದಷ್ಟು. ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡುತ್ತದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಎಂದರೆ ತಿಂಗಳಿಗೆ ಹತ್ತಿರ ಹತ್ತಿರ 200 ಯೂನಿಟ್, ಅಂದರೆ ಗೃಹಜ್ಯೋತಿಯ ಮಿತಿಯನ್ನು ಕಾರೊಂದೇ ಮುಟ್ಟಿಬಿಡುತ್ತದೆ. ಆದ್ದರಿಂದ ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವುದು ಜಾಣತನ. ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆ ದರಪಟ್ಟಿಯಲ್ಲಿ ಬೇರೆಯೇ ವರ್ಗವಿದೆ. ನಿಮ್ಮ ಭಾಗದ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಕಚೇರಿಯಲ್ಲಿ ಅದರಡಿ ಅರ್ಜಿ ಹಾಕಿ, ಮನೆಯ ಮೀಟರನ್ನು ಮನೆಯ ಬಳಕೆಗಷ್ಟೇ ಬಿಡಿ. ಅಷ್ಟಾದರೂ ಪೆಟ್ರೋಲಿಗಿಂತ ಬಹಳ ಅಗ್ಗವೇ.

ಸಾಕೆಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಗೀಸರ್ ಹದಿನೈದಿಪ್ಪತ್ತು ನಿಮಿಷ ಎಳೆದು ನಿಲ್ಲಿಸುತ್ತದೆ, ಕಾರು ಸುಮಾರು 3 ಕಿಲೋವಾಟ್‌ನ್ನು ರಾತ್ರಿಯಿಡೀ ಎಳೆಯುತ್ತದೆ. ಹಳೆಯ ಮನೆಯ ತೆಳು ತಂತಿ, ಸಡಿಲ ಸಾಕೆಟ್ ಆ ಹೊತ್ತಿಗೆ ಕರಗತೊಡಗುತ್ತವೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂಸಿಬಿ, ಕರೆಂಟ್ ಸೋರಿದೊಡನೆ ಕಡಿದುಕೊಳ್ಳುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಮತ್ತು ಪರೀಕ್ಷಿಸಿದ ಅರ್ತಿಂಗ್ ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಕೂಡದು.

ಪ್ರಶ್ನೆ: ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಬಿಲ್ ಹೆಚ್ಚಾಗುತ್ತದೆ ಎನ್ನುತ್ತಾರೆ. ಮೀಟರ್ ವೇಗವಾಗಿ ಓಡುತ್ತಿದೆಯೇ ಎಂದು ತಿಳಿಯುವುದು ಹೇಗೆ?
— ಹೊಸ ಮನೆ ಕಟ್ಟಿಸಿದವರು, ಬೆಂಗಳೂರು

ಉತ್ತರ: 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದೆ. ಅದರ ಬೆಲೆಯ ಕುರಿತ ಅಸಮಾಧಾನ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅಳತೆಯ ಕುರಿತ ಅನುಮಾನವನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಕೆಂಪು ದೀಪವೊಂದಿದ್ದು, ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆಯನ್ನು ಅಲ್ಲೇ ಮುದ್ರಿಸಿರುತ್ತಾರೆ. ಸಂಖ್ಯೆ 3200 ಎಂದಿದ್ದರೆ, ಮನೆಯ ಉಳಿದದ್ದನ್ನೆಲ್ಲ ಆರಿಸಿ 1000 ವಾಟ್‌ನ ಇಸ್ತ್ರಿಪೆಟ್ಟಿಗೆಯೊಂದನ್ನೇ ಹಾಕಿದಾಗ ನಿಮಿಷಕ್ಕೆ ಸುಮಾರು 53 ಬಾರಿ ಮಿನುಗಬೇಕು. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ತಾನೇ ಕಡಿದುಕೊಳ್ಳುತ್ತದೆ, ಆದ್ದರಿಂದ ಮೊದಲ ನಿಮಿಷದಲ್ಲೇ ಎಣಿಸಿ. ವೋಲ್ಟೇಜ್ ಏರಿಳಿತದಿಂದ ಅಷ್ಟಿಷ್ಟು ವ್ಯತ್ಯಾಸ ಬರುವುದು ಸಹಜ. ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಮೊದಲು ಯುಪಿಎಸ್, ಫ್ರಿಜ್, ವೈಫೈ ರೂಟರ್‌ಗಳ ಪ್ಲಗ್ ತೆಗೆದು ನೋಡಿ, ಆಮೇಲೂ ನಿಲ್ಲದಿದ್ದರೆ ಸೋರಿಕೆ ಇರಬಹುದು, ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಎಣಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಲಿಖಿತ ದೂರು ಕೊಡಿ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ದೂರು ಬಂದ ಐದು ದಿನಗಳೊಳಗೆ ಇನ್ನೊಂದು ಮೀಟರನ್ನು ಜೊತೆಗೆ ಅಳವಡಿಸಿ, ಕನಿಷ್ಠ ಮೂರು ತಿಂಗಳು ಎರಡರ ರೀಡಿಂಗ್ ಹೋಲಿಸಿ ನೋಡಬೇಕು. ಕೌಂಟರ್‌ನಲ್ಲಿ ಕುಳಿತವರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ನೀವೇ ಸೌಜನ್ಯದಿಂದ ತಿಳಿಸಬಹುದು.

ಪ್ರಶ್ನೆ: ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಮನೆ ಬೆಳಗುತ್ತದೆಯಲ್ಲವೇ?
— ಕೃಷಿಕರು, ವಿಜಯಪುರ

ಉತ್ತರ: ಬೆಳಗುವುದಿಲ್ಲ, ಮತ್ತು ಇದನ್ನು ಹಣ ಕೊಟ್ಟ ಮೇಲೆ ತಿಳಿದು ಬೇಸರಪಟ್ಟವರು ಬಹಳ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಲೈನಿನಲ್ಲಿ ವಿದ್ಯುತ್ ಇಲ್ಲದ ಕೂಡಲೇ ತಾನೂ ನಿಲ್ಲುವಂತೆ ರಚಿಸಲ್ಪಟ್ಟಿದೆ. ಇಲ್ಲದಿದ್ದರೆ ನಿಮ್ಮ ತಾರಸಿಯ ವಿದ್ಯುತ್ ಕಂಬದ ತಂತಿಗೆ ಹರಿದು, ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣಕ್ಕೆ ಕುತ್ತು ಬಂದೀತು. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಕೇಳಿ. ಖರ್ಚು ಗಣನೀಯವಾಗಿ ಏರುತ್ತದೆ.

2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್‌ನಂತೆ ನಿಮಗೆ ತಿಂಗಳಿಗೆ 360 ಯೂನಿಟ್‌ನಷ್ಟು ಬರಬಹುದು. ಆದರೆ ನಿಮ್ಮ ಬಿಲ್ ಗೃಹಜ್ಯೋತಿಯಿಂದ ಈಗಾಗಲೇ ಸೊನ್ನೆಯಾಗಿದ್ದರೆ ಉಳಿಸಲು ಬಿಲ್ಲೇ ಇಲ್ಲ, ಹಾಕಿದ ಹಣ ಹಿಂದಿರುಗುವ ದಾರಿಯೂ ಕಿರಿದು. ತಿಂಗಳಿಗೆ 250–300 ಯೂನಿಟ್ ಸುಡುವ, ಎ.ಸಿ. ಅಥವಾ ಎಲೆಕ್ಟ್ರಿಕ್ ಕಾರು ಇರುವ ಮನೆಗೆ ಇದು ನಿಸ್ಸಂದೇಹವಾಗಿ ಒಳ್ಳೆಯ ಹೂಡಿಕೆ.

ಪ್ರಶ್ನೆ: ಎ.ಸಿ.ಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆಯೇ?
— ಓದುಗರು, ಕಲಬುರಗಿ

ಉತ್ತರ: ಇಲ್ಲ. ಬಿಸಿ ಕೋಣೆಯಲ್ಲಿ 18ಕ್ಕಿಟ್ಟರೂ 24ಕ್ಕಿಟ್ಟರೂ ಆರಂಭದಲ್ಲಿ ಯಂತ್ರ ತನ್ನ ಪೂರ್ತಿ ಸಾಮರ್ಥ್ಯದಲ್ಲೇ ಓಡುತ್ತದೆ. 18 ಎಂದರೆ ನಿಲ್ಲಬೇಕಾದ ಜಾಗವನ್ನು ದೂರಕ್ಕೆ ಒಯ್ದಂತೆ, ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ, 2020ರಿಂದ ಸ್ಟಾರ್ ಲೇಬಲ್ಲಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮವೂ ಇದೆ. 26ಕ್ಕಿಟ್ಟು ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಲು ಬಿಡಿ. ಕಲಬುರಗಿಯ ಮೇ ತಿಂಗಳಲ್ಲಿ ಪಶ್ಚಿಮದ ಕಿಟಕಿಗೆ ಹೊರಗಿನಿಂದ ಒಂದು ನೆರಳು ಕಟ್ಟಿಸಿದರೆ ಎ.ಸಿ.ಯ ಕೆಲಸ ಇನ್ನಷ್ಟು ಹಗುರಾದೀತು. ಪರದೆಯನ್ನು ಒಳಗೆ ಹಾಕುವಷ್ಟರಲ್ಲಿ ಶಾಖ ಗಾಜನ್ನು ದಾಟಿ ಬಂದಾಗಿರುತ್ತದೆ.